ವ್ಯಕ್ತಿಕೇಂದ್ರಿತ ಯೋಜನೆ: ಆರೈಕೆಯ ಕಾಗದದಲ್ಲಿ ಆರೈಕೆ ಪಡೆಯುವವರ ಮಾತು

ಕೆಲವು ವರ್ಷಗಳ ಹಿಂದೆ ದೆಹಲಿ ಸುತ್ತಲಿನ ಒಂದು ಆಸ್ಪತ್ರೆಯ ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಒಬ್ಬ ತಾಯಿ ಮತ್ತು ಮಗಳ ಜೊತೆ ಹೋಗಿದ್ದೆ. ತಾಯಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಫಾರ್ಮಸಿಸ್ಟ್, ಔಷಧ ಮಾಹಿತಿಯನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಮಾಡುತ್ತೇನೆ. ಹಾಗಾಗಿ ದುಭಾಷಿಯಾಗಿ ಬರಲು ಕೇಳಿದ್ದರು. ವೈದ್ಯರು ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ, ತಾಯಿ ಉತ್ತರಿಸಿದರು, ನಾನು ಹಿಂದಿಯಲ್ಲಿ ಹೇಳಿದೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾಳಾ? ಹೂಂ. ನಿದ್ದೆ? ಚೆನ್ನಾಗಿದೆ. ಸಿಟ್ಟು? ಕಡಿಮೆ. ಹತ್ತು ನಿಮಿಷದಲ್ಲಿ ಚೀಟಿ ಕೈಗೆ ಬಂತು.

ಮರಳುವಾಗ ಮೆಟ್ರೊದಲ್ಲಿ ಮಗಳು ನನಗೆ ಮೆಲ್ಲಗೆ ಹೇಳಿದಳು: "ಎರಡು ವಾರದಿಂದ ನಾನು ರಾತ್ರಿ ಮಾತ್ರೆ ತಗೊಂಡಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶಿಫ್ಟು. ಅದನ್ನ ತಗೊಂಡ್ರೆ ಹನ್ನೊಂದರವರೆಗೂ ತಲೆ ಎತ್ತೋಕೆ ಆಗಲ್ಲ. ಯಾರೂ ನನ್ನ ಕೇಳಲಿಲ್ಲ." ಕೇಳದವರಲ್ಲಿ ನಾನೂ ಒಬ್ಬಳು. ಆಕೆಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಅವಳ ಪಕ್ಕದಲ್ಲೇ ಕುಳಿತು ಅವಳ ವಿಷಯವನ್ನೇ ಎರಡು ಭಾಷೆಗಳಲ್ಲಿ ಮಾತಾಡಿ ಎದ್ದು ಬಂದಿದ್ದೆವು.

ಮುಂದಿನ ಭೇಟಿಯಲ್ಲಿ ಆಕೆಯೇ ಮಾತಾಡಿದಳು. ವೈದ್ಯರು ಮಾತ್ರೆಯನ್ನು ಸಂಜೆ ಏಳಕ್ಕೆ ಬದಲಿಸಿ, ಪ್ರಮಾಣವನ್ನೂ ತುಸು ಇಳಿಸಿದರು. ಕೆಲಸ ಉಳಿಯಿತು, ಮಾತ್ರೆಯೂ ಉಳಿಯಿತು. ಇದಕ್ಕೊಂದು ಹೆಸರಿದೆ ಎಂಬುದು ಆಮೇಲೆ ಅದರ ಬಗ್ಗೆ ಓದುವಾಗ ತಿಳಿಯಿತು: ವ್ಯಕ್ತಿಕೇಂದ್ರಿತ ಯೋಜನೆ.

ಹಾಗೆಂದರೇನು?

ಮಾನಸಿಕ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಏನೇನು ನೆರವು ಬೇಕು ಎಂದು ತೀರ್ಮಾನಿಸುವಾಗ, ಆಸ್ಪತ್ರೆಯಲ್ಲಿ ಏನು ಲಭ್ಯವಿದೆ, ಮನೆಯವರಿಗೆ ಏನು ಅನುಕೂಲ ಎಂಬುದರಿಂದ ಶುರುಮಾಡದೆ, ಆ ವ್ಯಕ್ತಿ ಹೇಗೆ ಬದುಕಲು ಬಯಸುತ್ತಾರೆ ಎಂಬುದರಿಂದ ಶುರುಮಾಡುವ ಕ್ರಮವಿದು. 1980ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ, ಬೌದ್ಧಿಕ ಅಂಗವೈಕಲ್ಯ ಇರುವವರು ದೊಡ್ಡ ದೊಡ್ಡ ಸಂಸ್ಥೆಗಳಿಂದ ಹೊರಬಂದು ಊರಿನ ನಡುವೆ ಬದುಕತೊಡಗಿದಾಗ ರೂಪುಗೊಂಡಿತು. ಜಾನ್ ಓ'ಬ್ರಯನ್, ಬೆತ್ ಮೌಂಟ್, ಮೈಕೆಲ್ ಸ್ಮಲ್ ಇದನ್ನು ಬೆಳೆಸಿದವರಲ್ಲಿ ಪ್ರಮುಖರು. ಮಾನಸಿಕ ಕಾಯಿಲೆಯ ಕಡೆ, ಸ್ವತಃ ಕಾಯಿಲೆ ಅನುಭವಿಸಿದ್ದ ಮೇರಿ ಎಲೆನ್ ಕೋಪ್‌ಲ್ಯಾಂಡ್ 1997ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಇತರರೊಂದಿಗೆ ಸೇರಿ ಚೇತರಿಕೆಯ ಸ್ವಂತ ಯೋಜನೆ ಬರೆದುಕೊಳ್ಳುವ ವಿಧಾನವೊಂದನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಇಂಥದೇ ಸ್ವಸಹಾಯ ಕೈಪಿಡಿಯನ್ನು ಹೊರತಂದಿತು.

ಇವುಗಳಲ್ಲಿ ನಮಗೆ ಬಹಳ ಉಪಯೋಗಕ್ಕೆ ಬರುವುದು ಸ್ಮಲ್ ಹೇಳುವ ಒಂದು ವ್ಯತ್ಯಾಸ. ಒಂದು, ವ್ಯಕ್ತಿ ತಾನೇ ಮುಖ್ಯ ಎಂದುಕೊಂಡದ್ದು. ಇನ್ನೊಂದು, ಅವರ ಆರೋಗ್ಯ ಮತ್ತು ಸುರಕ್ಷತೆಗೆ ಮುಖ್ಯವಾದದ್ದು. ಮಾತ್ರೆ ಎರಡನೆಯ ಪಟ್ಟಿಗೆ ಸೇರುತ್ತದೆ, ಬೆಳಗಿನ ಶಿಫ್ಟು ಮೊದಲನೆಯದಕ್ಕೆ. ನಮ್ಮ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಎರಡನೆಯ ಪಟ್ಟಿ ಸದಾ ಉದ್ದವಾಗಿರುತ್ತದೆ, ಮೊದಲನೆಯದು ಖಾಲಿ. ಆದರೆ ಮೊದಲನೆಯದನ್ನು ಬಿಟ್ಟು ಎರಡನೆಯದು ಮಾತ್ರ ನಡೆದುಬರುವುದು ಅಪರೂಪ. ಬಿಟ್ಟ ಮಾತ್ರೆಗಳ ಹಿಂದೆ ಹಟಕ್ಕಿಂತ ಹೆಚ್ಚಾಗಿ ಇಂಥ ಲೆಕ್ಕಾಚಾರವೇ ಇರುತ್ತದೆ ಎಂಬುದು ಔಷಧದ ಕೌಂಟರಿನಲ್ಲಿ ನಾನು ಕಂಡದ್ದು.

ನಮ್ಮ ಕಾನೂನು ಏನು ಹೇಳುತ್ತದೆ?

ಇದು ವಿದೇಶದ ಮಾತು, ನಮ್ಮಲ್ಲಿ ನಡೆಯುವುದಿಲ್ಲ ಎಂದು ಹಲವರು ಹೇಳುತ್ತಾರೆ. ಆದರೆ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದರ ಮುಖ್ಯ ಅಂಶಗಳನ್ನು ಹಕ್ಕುಗಳನ್ನಾಗಿಯೇ ಮಾಡಿದೆ. ನಾಲ್ಕು ವಿಷಯಗಳನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಮುಂಗಡ ನಿರ್ದೇಶನ. 18 ವರ್ಷ ತುಂಬಿದ ಯಾರೇ ಆಗಲಿ, ಈ ಮೊದಲು ಮಾನಸಿಕ ಕಾಯಿಲೆ ಇದ್ದಿರಲಿ ಇಲ್ಲದಿರಲಿ, ಮುಂದೆ ಕಾಯಿಲೆ ಉಲ್ಬಣಿಸಿ ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿ ಬಂದರೆ ತನಗೆ ಯಾವ ರೀತಿಯ ಆರೈಕೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ಅದನ್ನು ನೋಂದಾಯಿಸಲು ಶುಲ್ಕವಿಲ್ಲ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು. ಅದು ಕೆಲಸಕ್ಕೆ ಬರುವುದು ವ್ಯಕ್ತಿ ತಾನೇ ತೀರ್ಮಾನಿಸಲಾಗದ ಅವಧಿಯಲ್ಲಿ ಮಾತ್ರ. ಉಳಿದ ಸಮಯದಲ್ಲಿ ಅವರ ಬಾಯಿಮಾತೇ ಮುಖ್ಯ. ಬರೆದಿಟ್ಟದ್ದನ್ನು ಅನುಸರಿಸುವುದು ಸೂಕ್ತವಲ್ಲ ಎಂದು ವೈದ್ಯರಿಗೋ ಸಂಬಂಧಿಕರಿಗೋ ಅನಿಸಿದರೆ ಅವರು ಮಂಡಳಿಗೆ ಅರ್ಜಿ ಹಾಕಬೇಕು, ಸುಮ್ಮನೆ ಬದಿಗಿಡುವಂತಿಲ್ಲ. ಆದರೆ ಒಂದು ಎಚ್ಚರಿಕೆ: ಪ್ರತಿ ಕೊಟ್ಟಿರದಿದ್ದರೆ ವೈದ್ಯರು ಹೊಣೆಗಾರರಲ್ಲ. ಕಪಾಟಿನಲ್ಲಿ ಭದ್ರವಾಗಿಟ್ಟ ನಿರ್ದೇಶನದಿಂದ ಪ್ರಯೋಜನವಿಲ್ಲ. ಆಸ್ಪತ್ರೆಯ ಫೈಲಿನಲ್ಲಿ ಒಂದು ಪ್ರತಿ, ಪ್ರತಿನಿಧಿಯ ಬಳಿ ಒಂದು, ಮೊಬೈಲಿನಲ್ಲಿ ಒಂದು ಫೋಟೊ ಇರಲಿ. ಮಂಡಳಿಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಕೆಲಸ ಮಾಡುತ್ತಿಲ್ಲ. ನೋಂದಣಿ ತಡವಾದರೂ ಬರೆದಿಡುವುದನ್ನು ತಡಮಾಡಬೇಡಿ.

ಎರಡನೆಯದು ನಾಮನಿರ್ದೇಶಿತ ಪ್ರತಿನಿಧಿ. ಬಿಳಿ ಹಾಳೆಯ ಮೇಲೆ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ವಯಸ್ಕರಾಗಿದ್ದು, ಜವಾಬ್ದಾರಿ ಹೊರಬಲ್ಲವರಾಗಿದ್ದು, ಒಪ್ಪಿದರೆ ಯಾರನ್ನಾದರೂ ಹೆಸರಿಸಬಹುದು. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಯಾರನ್ನೂ ಹೆಸರಿಸದಿದ್ದರೆ ಸಂಬಂಧಿಕರು, ಬಳಿಕ ಆರೈಕೆದಾರರು ಎಂಬ ಕ್ರಮದಲ್ಲಿ ಕಾನೂನೇ ಗುರುತಿಸುತ್ತದೆ. ಇಲ್ಲಿ ಮನೆಗಳಲ್ಲಿ ನೋವಾಗುವುದುಂಟು. "ಹೆತ್ತ ನಾನಿರುವಾಗ ಆಫೀಸಿನ ಗೆಳತಿಯ ಹೆಸರು ಬರೆದಿದ್ದಾಳೆ" ಎಂದು ಒಬ್ಬ ತಾಯಿ ನನ್ನೆದುರು ಕಣ್ಣೀರು ಹಾಕಿದ್ದರು. ಆದರೆ ಪ್ರತಿನಿಧಿ ಎಂದರೆ ಹೆಚ್ಚು ಪ್ರೀತಿಸುವವರು ಎಂದಲ್ಲ. ಅರ್ಧ ಗಂಟೆಯಲ್ಲಿ ಆಸ್ಪತ್ರೆ ತಲುಪಬಲ್ಲವರು, ಗಾಬರಿಯಾಗದೆ ಹಿಂದಿಯಲ್ಲಿ ಮಾತಾಡಬಲ್ಲವರು, ತಮ್ಮ ಇಷ್ಟವನ್ನು ಬದಿಗಿಟ್ಟು ಇನ್ನೊಬ್ಬರ ಇಷ್ಟವನ್ನು ಹೇಳಬಲ್ಲವರು. ಆ ವ್ಯಕ್ತಿಯ ಈಗಿನ ಮತ್ತು ಹಿಂದಿನ ಇಚ್ಛೆ, ಜೀವನದ ಹಿನ್ನೆಲೆ, ಮೌಲ್ಯಗಳು, ಸಂಸ್ಕೃತಿ ಇವನ್ನೆಲ್ಲ ಪರಿಗಣಿಸಬೇಕು ಎಂದು ಕಾಯ್ದೆಯೇ ಪ್ರತಿನಿಧಿಗೆ ಹೇಳುತ್ತದೆ. ನಿರ್ದೇಶನದಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬಹುದು. ಗೆಳತಿ ಮೊದಲು, ಅಮ್ಮ ಎರಡನೆಯವರು ಎಂದಾದಾಗ ಆ ಮನೆಯಲ್ಲಿ ಮಾತುಕತೆ ಮತ್ತೆ ಶುರುವಾಯಿತು.

ಮೂರನೆಯದು ಭಾಷೆ. ಕಾಯಿಲೆ ಏನು, ಚಿಕಿತ್ಸೆಯ ಯೋಜನೆ ಏನು, ಅಡ್ಡಪರಿಣಾಮಗಳೇನು ಎಂಬುದನ್ನು ವ್ಯಕ್ತಿಗೂ ಪ್ರತಿನಿಧಿಗೂ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ತಿಳಿಸಬೇಕು ಎಂದು 22ನೇ ಕಲಂ ಹೇಳುತ್ತದೆ. ದೆಹಲಿಯ ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಸಿದ್ಧವಾಗಿ ಕೂತಿರುತ್ತಾರೆ ಎಂದಲ್ಲ. ಆದರೆ "ಅಮ್ಮನಿಗೆ ಅರ್ಥವಾಗಿಲ್ಲ, ಇನ್ನೊಮ್ಮೆ ಹೇಳಿ, ನಾನು ಫೋನಿನಲ್ಲಿ ಅಕ್ಕನನ್ನು ಸೇರಿಸುತ್ತೇನೆ" ಎಂದು ಕೇಳುವಾಗ ನೀವು ಉಪಕಾರ ಬೇಡುತ್ತಿಲ್ಲ.

ನಾಲ್ಕನೆಯದು, ಡಿಸ್ಚಾರ್ಜ್‌ಗೆ ಮೊದಲಿನ ಯೋಜನೆ. ಒಳರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ಮನೋವೈದ್ಯರು ಆ ವ್ಯಕ್ತಿಯ ಜೊತೆ, ಪ್ರತಿನಿಧಿಯ ಜೊತೆ, ಮುಂದೆ ಅವರು ಯಾರ ಮನೆಯಲ್ಲಿ ಇರುತ್ತಾರೋ ಅವರ ಜೊತೆ ಸಮಾಲೋಚಿಸಿ, ಚಿಕಿತ್ಸೆ ಮತ್ತು ಸೇವೆ ಹೇಗೆ ಮುಂದುವರಿಯುತ್ತದೆ ಎಂಬ ಯೋಜನೆ ಮಾಡಬೇಕು (98ನೇ ಕಲಂ). ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಇದು ಎರಡು ನಿಮಿಷಕ್ಕಿಳಿಯುತ್ತದೆ. ಹಿಂದಿನ ದಿನವೇ ಕೇಳಿ.

ದೆಹಲಿಗೆ ಇದರಲ್ಲೊಂದು ಹಳೆಯ ನಂಟಿದೆ. ಶಾಹದರಾದ ಹಳೆಯ ಮಾನಸಿಕ ಆಸ್ಪತ್ರೆಯ ಸ್ಥಿತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಅದನ್ನು ಸುಧಾರಿಸಬೇಕೆಂಬ ಮಾತು ಬಂತು. ಅದರ ಫಲವಾಗಿ 1993ರಲ್ಲಿ ದಿಲ್ಶಾದ್ ಗಾರ್ಡನ್‌ನಲ್ಲಿ ಇಹ್ಬಾಸ್ ಸಂಸ್ಥೆ ರೂಪುಗೊಂಡಿತು. ರೋಗಿಯ ಜೊತೆ ಮನೆಯವರೂ ಆಸ್ಪತ್ರೆಯಲ್ಲಿ ಉಳಿಯುವ ಪದ್ಧತಿ ನಮ್ಮ ದೇಶದ ಹೆಮ್ಮೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ಉಳಿಸಿಕೊಂಡಿದ್ದರು. ಆದರೆ ಜೊತೆಗಿರುವುದು ಬೇರೆ, ಅವರ ಬದಲು ಮಾತಾಡುವುದು ಬೇರೆ. ಅದನ್ನು ನಾವಿನ್ನೂ ಪೂರ್ತಿ ಕಲಿತಿಲ್ಲ.

ಮನೆಯಲ್ಲಿ ಕುಳಿತು ಬರೆಯುವುದು ಹೇಗೆ?

ಕಾನೂನಿನ ಕಾಗದಕ್ಕೂ ಮೊದಲು ಒಂದು ಸಾದಾ ಪುಟ ಬರೆಯಿರಿ. ಆರೋಗ್ಯ ಚೆನ್ನಾಗಿರುವ ದಿನ, ಯಾರೂ ಆಸ್ಪತ್ರೆಗೆ ಓಡಬೇಕಿಲ್ಲದ ದಿನ. ಬರೆಯುವವರು ಆ ವ್ಯಕ್ತಿಯೇ ಆಗಿದ್ದರೆ ಒಳ್ಳೆಯದು. ಅವರು ಹೇಳಿ ಬೇರೆಯವರು ಬರೆದರೂ ಸರಿ, "ನಾನು" ಎಂದೇ ಇರಲಿ. ಬೈಪೋಲಾರ್ ಕಾಯಿಲೆ ಇದ್ದು ನೋಯಿಡಾದಲ್ಲಿ ಕೆಲಸ ಮಾಡುವ ಒಬ್ಬ ಯುವತಿಯ ಪುಟ ಹೀಗಿರಬಹುದು. ಇದು ನಾನು ಉದಾಹರಣೆಗಾಗಿ ಕಟ್ಟಿದ್ದು:

"ಬೆಳಿಗ್ಗೆ ಕಾಫಿ ಆಗುವವರೆಗೆ ನನ್ನನ್ನು ಏನೂ ಕೇಳಬೇಡಿ. ಭಾನುವಾರದ ಸಂಗೀತ ಪಾಠ ತಪ್ಪಬಾರದು. ನನ್ನ ಕಾಯಿಲೆಯ ಬಗ್ಗೆ ಪಕ್ಕದ ಫ್ಲಾಟಿನವರಿಗೆ ಹೇಳಬಾರದು, ಅತ್ತೆಗೆ ಹೇಳಬಹುದು. ಮೂರು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದ್ದರೆ, ಒಂದೇ ವಾರದಲ್ಲಿ ಐದಾರು ಪಾರ್ಸೆಲ್ ಬಂದರೆ, ಅಣ್ಣ ನನ್ನನ್ನು ನೇರವಾಗಿ ಕೇಳಬೇಕು; ನಾನು ಸಿಟ್ಟಾದರೂ ಕೇಳಬೇಕು. ಆಗ ಬ್ಯಾಂಕ್ ಕಾರ್ಡನ್ನು ಅಣ್ಣನಿಗೆ ಕೊಡುತ್ತೇನೆ ಎಂದು ಈಗಲೇ ಒಪ್ಪಿದ್ದೇನೆ. ಕೈಹಿಡಿದು ಎಳೆಯಬೇಡಿ. ಕಳೆದ ಸಲ ಕೊಟ್ಟ ಒಂದು ಇಂಜೆಕ್ಷನ್‌ನಿಂದ ಕುತ್ತಿಗೆ ಸೆಟೆದುಕೊಂಡಿತ್ತು, ಅದರ ಹೆಸರು ಫೈಲಿನಲ್ಲಿದೆ, ವೈದ್ಯರಿಗೆ ಮೊದಲೇ ತೋರಿಸಿ. ಅಕ್ಕ ಹುಬ್ಬಳ್ಳಿಯಿಂದ ಬರಲು ಎರಡು ದಿನ ಬೇಕು. ಅಲ್ಲಿಯವರೆಗೆ ಬೆಕ್ಕಿಗೆ ಊಟ ಹಾಕುವವರು ಯಾರು ಎಂದು ಬರೆದಿಡಿ."

ಬೆಕ್ಕಿನ ಮಾತು ಓದಿ ನಗು ಬರಬಹುದು. ಆದರೆ ಆಸ್ಪತ್ರೆಗೆ ಸೇರಲು ಒಪ್ಪದಿರುವುದಕ್ಕೆ ಇಂಥ ಕಾರಣಗಳಿರುತ್ತವೆ: ಬೆಕ್ಕು, ಬಾಡಿಗೆ ಕೊಡುವ ದಿನ, ಮಗುವಿನ ಪರೀಕ್ಷೆ. ಅವಕ್ಕೆ ಉತ್ತರ ಸಿಕ್ಕರೆ ಎಷ್ಟೋ ಸಲ ಜಗಳ ಬೇಕಾಗುವುದಿಲ್ಲ. ದೆಹಲಿಯಂಥ ಕಡೆ ನೆಂಟರಿಷ್ಟರು ಹತ್ತಿರವಿಲ್ಲದ ಕುಟುಂಬಗಳು ರಾತ್ರಿ ಎರಡು ಗಂಟೆಗೆ ಕರೆದರೆ ಬರುವವರ ಹೆಸರನ್ನು ಮೊದಲೇ ಕೇಳಿ ಒಪ್ಪಿಸಿ ಬರೆದಿಡಬೇಕು. ಕನ್ನಡ ಶಾಲೆಯಲ್ಲೋ ಸಂಘದ ಕಾರ್ಯಕ್ರಮದಲ್ಲೋ ಪರಿಚಯವಾದವರು ಇದ್ದಾರು. ಆದರೆ ಯಾರಿಗೆ ತಿಳಿಸಬಹುದು ಎಂಬುದನ್ನು ಕಾಯಿಲೆ ಇರುವವರೇ ಆರಿಸಲಿ. ಮಾಹಿತಿ ಗುಟ್ಟಾಗಿರುವುದು ಅವರ ಹಕ್ಕು.

ಔಷಧಗಳ ಬಗ್ಗೆ ಆ ಪುಟದಲ್ಲಿ ಏನಿರಬೇಕು?

ಇದು ನನ್ನ ಕ್ಷೇತ್ರ, ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಮಾತ್ರೆಯ ಹೆಸರು ಮತ್ತು ಪ್ರಮಾಣ ಚೀಟಿಯಲ್ಲೇ ಇರುತ್ತದೆ. ಪುಟದಲ್ಲಿ ಬೇಕಾದದ್ದು ಮಾತ್ರೆ ಮತ್ತು ದಿನಚರಿ ಎಲ್ಲಿ ಒಂದಕ್ಕೊಂದು ತಾಗುತ್ತವೆ ಎಂಬುದು.

ಲಿಥಿಯಂ ತೆಗೆದುಕೊಳ್ಳುವವರಿಗೆ ದೆಹಲಿಯ ಬೇಸಿಗೆ ಸಣ್ಣ ಮಾತಲ್ಲ. ಮೇ–ಜೂನ್‌ನ ಬಿಸಿಲಿನಲ್ಲಿ ಬೆವರಿ ದೇಹದ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ವಾಂತಿ–ಭೇದಿ, ಉಪ್ಪು ಬಿಟ್ಟ ಉಪವಾಸ, ಐಬುಪ್ರೊಫೇನ್, ಡೈಕ್ಲೊಫಿನ್ಯಾಕ್‌ನಂಥ ನೋವಿನ ಮಾತ್ರೆ, ಇವೂ ಹಾಗೆಯೇ. ನೀವು ನವರಾತ್ರಿಯಲ್ಲಿ ಉಪವಾಸ ಮಾಡುವವರಾದರೆ ಅದನ್ನು ವೈದ್ಯರಿಗೆ ಹೇಳಿ. "ಉಪವಾಸ ಬಿಡಿ" ಎಂಬ ಉತ್ತರವೇ ಬರಬೇಕೆಂದಿಲ್ಲ. ಹೇಗೆ ಮಾಡಬಹುದು ಎಂದು ಸೇರಿ ಯೋಚಿಸಬಹುದು. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು, ವಾಂತಿ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ ಲಿಥಿಯಂ ಮಟ್ಟ ನೋಡಿಸಿ.

ಕ್ಲೋಜಪಿನ್ ತೆಗೆದುಕೊಳ್ಳುವವರು ಸಿಗರೇಟ್ ಅಥವಾ ಬೀಡಿ ಸೇದುತ್ತಿದ್ದರೆ ಪುಟದಲ್ಲಿ ಬರೆಯಿರಿ, ಮುಚ್ಚಿಡಬೇಡಿ. ಹೊಗೆಯಲ್ಲಿರುವ ರಾಸಾಯನಿಕಗಳು ಈ ಔಷಧವನ್ನು ದೇಹದಿಂದ ಬೇಗ ಹೊರಹಾಕಿಸುತ್ತವೆ. ಆಸ್ಪತ್ರೆಯಲ್ಲಿ ಸೇದುವುದು ನಿಂತಾಗ ಔಷಧದ ಮಟ್ಟ ಏರುತ್ತದೆ, ಮನೆಗೆ ಬಂದು ಮತ್ತೆ ಶುರುಮಾಡಿದರೆ ಇಳಿಯುತ್ತದೆ. ಡಿಸ್ಚಾರ್ಜ್ ಯೋಜನೆಯಲ್ಲಿ ಈ ಪ್ರಶ್ನೆ ಇರಲೇಬೇಕು. ಈ ಔಷಧದಲ್ಲಿ ಮಲಬದ್ಧತೆಯೂ ಅಪಾಯಕ್ಕೆ ತಿರುಗಬಹುದು, ನಾಚಿಕೆಪಟ್ಟು ಬಿಡಬೇಡಿ.

ಮದುವೆ, ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ವಿಷಯವನ್ನು ಮೊದಲೇ ಮಾತಾಡಬೇಕು. ಗರ್ಭದಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಅದರಿಂದ ತೊಂದರೆಯಾಗುವ ಸಾಧ್ಯತೆ ಇದೆ. "ಮುಂದಿನ ವರ್ಷ ಮಗು ಬೇಕು" ಎಂಬುದು ಮೊದಲ ಪಟ್ಟಿಯ ಮಾತು, ಅದು ವೈದ್ಯರ ಕಿವಿಗೆ ಬೀಳದಿದ್ದರೆ ಎರಡನೆಯ ಪಟ್ಟಿಯೇ ತಪ್ಪಾಗುತ್ತದೆ. ಆದರೆ ಇದನ್ನು ಓದಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬದಲಾಯಿಸಲು ಸಮಯ ಬೇಕು.

ತೂಕ ಏರುವುದು, ಲೈಂಗಿಕ ಆಸಕ್ತಿ ಕುಂದುವುದು, ಬೆಳಗಿನ ಮಂಪರು, ಇವುಗಳಲ್ಲಿ ಯಾವುದನ್ನು ಸಹಿಸಬಲ್ಲೆ, ಯಾವುದನ್ನು ಸಹಿಸಲಾರೆ ಎಂದು ನೀವೇ ಬರೆಯಿರಿ. ಒಬ್ಬರಿಗೆ ಚಿಲ್ಲರೆ ಎನಿಸಿದ್ದು ಇನ್ನೊಬ್ಬರ ಕೆಲಸವನ್ನೇ ಕಳೆಯಬಹುದು.

"ಆದರೆ ಅವನಿಗೆ ಮಾತ್ರೆಯೇ ಬೇಡವಂತೆ!"

ಆರೈಕೆದಾರರು ಕೇಳುವ ಮೊದಲ ಪ್ರಶ್ನೆ ಇದೇ, ನ್ಯಾಯವಾದ ಪ್ರಶ್ನೆ. ವ್ಯಕ್ತಿಕೇಂದ್ರಿತ ಎಂದರೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದಲ್ಲ. ಯಾವ ಮಾತ್ರೆ ಬೇಡ, ಏಕೆ ಬೇಡ, ಬಿಟ್ಟರೆ ಏನಾಗಬಹುದು ಎಂದು ಆತ ಹೇಳಬಲ್ಲನೇ? ಮಾಹಿತಿ ಅರ್ಥಮಾಡಿಕೊಂಡು, ಪರಿಣಾಮ ಗ್ರಹಿಸಿ, ತನ್ನ ತೀರ್ಮಾನ ತಿಳಿಸಬಲ್ಲವರಿಗೆ ತೀರ್ಮಾನಿಸುವ ಸಾಮರ್ಥ್ಯ ಇದೆ ಎಂದು ಕಾಯ್ದೆ ಹೇಳುತ್ತದೆ. ನಮಗೆ ತಪ್ಪೆನಿಸಿದ ತೀರ್ಮಾನ ತೆಗೆದುಕೊಂಡ ಮಾತ್ರಕ್ಕೆ ಸಾಮರ್ಥ್ಯ ಇಲ್ಲವೆಂದಾಗುವುದಿಲ್ಲ. ಆ ಸಾಮರ್ಥ್ಯ ಕುಸಿದು ತನಗೋ ಇತರರಿಗೋ ಅಪಾಯವಾಗುವ ಸ್ಥಿತಿಯಲ್ಲಿ, ಪ್ರತಿನಿಧಿಯ ಅರ್ಜಿಯ ಮೇಲೆ ಗರಿಷ್ಠ 30 ದಿನಗಳವರೆಗೆ ಬೆಂಬಲಿತ ದಾಖಲಾತಿಗೆ ಅವಕಾಶವಿದೆ. ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆಗಳವರೆಗೆ ಚಿಕಿತ್ಸೆ ನೀಡಬಹುದು, ಆಗ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ. ಆದರೆ ವಿದ್ಯುತ್ ಚಿಕಿತ್ಸೆಯನ್ನು ತುರ್ತು ಚಿಕಿತ್ಸೆಯಾಗಿ ಕೊಡುವಂತಿಲ್ಲ, ಅರಿವಳಿಕೆ ಇಲ್ಲದೆ ಯಾವಾಗಲೂ ಕೊಡುವಂತಿಲ್ಲ. ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವ ಮನೆಗಳನ್ನು ನಾನು ಬಲ್ಲೆ. ಅದರ ಹಿಂದಿನ ದಣಿವೂ ಗೊತ್ತು. ಆದರೆ ಅದು ತಿಳಿದ ದಿನ ಆತ ಮಾತ್ರೆಯನ್ನಲ್ಲದೆ ಮನೆಯ ಊಟವನ್ನೂ ನಂಬುವುದಿಲ್ಲ.

ಮಾತಾಡದವರ ಇಷ್ಟ ತಿಳಿಯುವುದು ಹೇಗೆ?

ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಕೆಲವರು ಮಾತಾಡುವುದಿಲ್ಲ. ಆಗ ಎರಡು ವಾರ ಒಂದು ನೋಟ್‌ಬುಕ್ ಇಡಿ: ಯಾವಾಗ ಮುಖ ಅರಳಿತು, ಎಲ್ಲಿಂದ ಎದ್ದು ಹೋದ, ಯಾರ ಪಕ್ಕ ಕುಳಿತ, ಯಾವ ಸದ್ದಿಗೆ ಕಿವಿ ಮುಚ್ಚಿದ. ಚಿತ್ರಗಳನ್ನು ಮುಂದಿಟ್ಟು ಎರಡರಲ್ಲಿ ಒಂದನ್ನು ಆರಿಸಲು ಬಿಡಿ. ದೆಹಲಿಯಲ್ಲಿ 1991ರಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆ ಶುರುಮಾಡಿದ ಮೆರಿ ಬರುವಾ ಸ್ವತಃ ಆಟಿಸಂ ಇರುವ ಮಗನ ತಾಯಿ. ತಂದೆತಾಯಿಯರ ತರಬೇತಿ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು.

ಮಗುವಿಗೆ 18 ತುಂಬಿದ ಮೇಲೆ ಪೋಷಕರು ತಾವಾಗಿಯೇ ಕಾನೂನುಬದ್ಧ ರಕ್ಷಕರಾಗಿ ಉಳಿಯುವುದಿಲ್ಲ ಎಂಬುದು ಹಲವರಿಗೆ ಬ್ಯಾಂಕಿನಲ್ಲಿ ತಿಳಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯೂ ಇರುವ ಸ್ಥಳೀಯ ಮಟ್ಟದ ಸಮಿತಿ ರಕ್ಷಕರನ್ನು ನೇಮಿಸುತ್ತದೆ. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಇನ್ನೊಂದು ಕಡೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುವುದು ಸೀಮಿತ ರಕ್ಷಕತ್ವವನ್ನು: ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಇಬ್ಬರೂ ಸೇರಿ ತೆಗೆದುಕೊಳ್ಳುವ ತೀರ್ಮಾನ. ಯಾವುದು ನಿಮಗೆ ಬೇಕು ಎಂದು ವಕೀಲರನ್ನು ಕೇಳುವ ಮೊದಲು "ಯಾವ ತೀರ್ಮಾನಕ್ಕೆ ನೆರವು ಬೇಕು?" ಎಂದು ಪಟ್ಟಿ ಮಾಡಿ. ಬ್ಯಾಂಕಿಗೆ ಬೇಕಾಗಿದ್ದರೆ ಬ್ಯಾಂಕಿಗೆ ಮಾತ್ರ. ಯಾವ ಅಂಗಿ ಹಾಕಬೇಕು ಎಂಬುದಕ್ಕೆ ರಕ್ಷಕರು ಬೇಡ.

ಎನ್‌ಸಿಆರ್‌ನಲ್ಲಿ ಇರುವವರಿಗೆ

ಮೆಟ್ರೊ ಒಂದೇ ಆದರೂ ಸರ್ಕಾರ ಒಂದಲ್ಲ. ನೋಯಿಡಾ, ಗಾಜಿಯಾಬಾದ್ ಉತ್ತರ ಪ್ರದೇಶಕ್ಕೆ ಸೇರಿವೆ, ಗುರುಗ್ರಾಮ, ಫರೀದಾಬಾದ್ ಹರಿಯಾಣಕ್ಕೆ. ಪರಿಶೀಲನಾ ಮಂಡಳಿ, ಸ್ಥಳೀಯ ಸಮಿತಿ ಎಲ್ಲವೂ ಆಯಾ ರಾಜ್ಯದ್ದೇ. ಮನೆ ಒಂದು ರಾಜ್ಯದಲ್ಲಿ, ಆಸ್ಪತ್ರೆ ಇನ್ನೊಂದರಲ್ಲಿ ಇದ್ದರೆ ಎರಡೂ ವಿಳಾಸಗಳನ್ನು ಪುಟದ ಮೇಲೆ ಬರೆಯಿರಿ. ಊರಿಗೆ ಹೋದಾಗ ತೋರಿಸುವ ವೈದ್ಯರ ಹೆಸರೂ ಇರಲಿ. ಚಿಕಿತ್ಸೆಯ ದಾಖಲೆಗಳನ್ನು ಪಡೆಯುವ ಹಕ್ಕು ನಿಮಗಿದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ರಕ್ಷಣೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ.

ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಜೀವಕ್ಕೆ ಅಪಾಯ ಎನಿಸಿದರೆ 112.

ಮುಂದಿನ ಭೇಟಿಗೆ ಹೋಗುವಾಗ ಆ ಪುಟದ ಎರಡು ಪ್ರತಿ ಒಯ್ಯಿರಿ. ವೈದ್ಯರೆದುರಿನ ಕುರ್ಚಿಯಲ್ಲಿ ಕಾಯಿಲೆ ಇರುವವರು ಕುಳಿತುಕೊಳ್ಳಲಿ, ಜೊತೆಗೆ ಬಂದವರು ಪಕ್ಕದ ಕುರ್ಚಿಯಲ್ಲಿ. ಮೊದಲ ಪ್ರಶ್ನೆ ನಿಮ್ಮತ್ತ ಬಂದರೆ, "ಅವಳನ್ನೇ ಕೇಳಿ ಡಾಕ್ಟರ್" ಎನ್ನಿ.